ಒಂದೇ ತಾಟಿನ ಊಟ

ನಾನು ಹುಟ್ಟಾ ಸಿಡುಕ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರುವ ಒಂದು ಮಾತಿಗೆ ಸಿಡುಕನ್ನೇ ನೆಪ ಮಾಡಿಕೊಂಡು ಪಾರಾಗಲಿಕ್ಕಲ್ಲ. ಓದುವವರು ನನ್ನಲ್ಲಿ ಇಲ್ಲದ ಒಳ್ಳೆಯತನವನ್ನು ಕಲ್ಪಿಸಿಕೊಂಡು ಆಮೇಲೆ ಬೇಜಾರು ಮಾಡಿಕೊಳ್ಳಬಾರದಲ್ಲ, ಅದಕ್ಕೆ.

ಎಪ್ಪತ್ತರ ದಶಕದಲ್ಲಿ ನಾನು ಮಾನ್ವಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಕೊರಳಲ್ಲಿ ಸೀಟಿ, ಖಾಕಿ ಪ್ಯಾಂಟು, ಬಿಳಿ ಬನಿಯನ್, ಅದರೊಳಗೆ ನೂರು ಕಿಲೋಗೆ ಸ್ವಲ್ಪವೇ ಕಡಿಮೆ ಇದ್ದ ಮೈ. ನಮ್ಮದು ದೇವದುರ್ಗದ ಹತ್ತಿರದ ಕುರಿ ಸಾಕುವ ಮನೆತನ. ತುಂಬಿದ ಹಳ್ಳದಲ್ಲಿ ಎರಡೆರಡು ಕುರಿಗಳನ್ನು ಹೊತ್ತು ದಾಟುತ್ತಿದ್ದ ಅಪ್ಪನ ಹೆಗಲು ನನಗೆ ಬಂದಿತ್ತು. ಹುಡುಗರು ಬೆನ್ನ ಹಿಂದೆ ನನ್ನನ್ನು ಆನೆ ಮಾಸ್ತರ ಎನ್ನುತ್ತಿದ್ದರು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುತ್ತಿದ್ದೆ, ಯಾಕೆಂದರೆ ಒಳಗೊಳಗೇ ಖುಷಿಯಾಗುತ್ತಿತ್ತು. ಮೈದಾನದ ಈ ತುದಿಯಲ್ಲಿ ನಿಂತು ‘ಸಾವಧಾನ್’ ಎಂದರೆ ಆಚೆಯ ಗದ್ದೆಯಲ್ಲಿ ನೆಲ್ಲು ಕೊಯ್ಯುವ ಹೆಂಗಸರೂ ಒಮ್ಮೆ ಬೆನ್ನು ನೆಟ್ಟಗೆ ಮಾಡಿ ನೋಡುತ್ತಿದ್ದರು.

ಆ ಮೈ ರೋಗದ್ದು ಎಂದು ನನಗೆ ಆಗ ತಿಳಿದಿರಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹಸಿದರೆ ಎದೆಗುಂಡಿಯ ಕೆಳಗೆ ಕೆಂಡ ಇಟ್ಟಂತೆ ಉರಿ, ಉಂಡರೆ ತಣ್ಣಗಾಗುತ್ತಿತ್ತು. ಹಾಗಾಗಿ ಉಂಡೆ. ಬೆಳಿಗ್ಗೆ ಮೂರು ಜೋಳದ ರೊಟ್ಟಿ, ಹನ್ನೊಂದಕ್ಕೆ ಹೋಟೆಲಿನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ, ಮಧ್ಯಾಹ್ನ ನಾಲ್ಕು ರೊಟ್ಟಿ, ಪುಂಡಿಪಲ್ಯ, ಮೇಲೆ ಅನ್ನ-ಮಜ್ಜಿಗೆ. ಊರೆಲ್ಲ ನನ್ನ ಊಟವನ್ನು ಹೊಗಳುತ್ತಿತ್ತು. ಹುಣ್ಣನ್ನು ಸಮಾಧಾನ ಮಾಡಲು ಹಾಕಿದ್ದೆಲ್ಲ ಮೈಗೆ ಹತ್ತಿ, ನಾನು ಅದನ್ನೇ ಕಸುವು ಎಂದುಕೊಂಡು ಎದೆ ಉಬ್ಬಿಸಿ ನಡೆದೆ.

ನನ್ನ ಹೆಂಡತಿ ಗಿಲ್ಲೆಸುಗೂರಿನವಳು. ಸಣ್ಣ ಮೈಕಟ್ಟು, ದೊಡ್ಡ ನಗು. ನಮ್ಮ ಮನೆಗಳಲ್ಲಿ ಆಗ ಗಂಡ ಉಂಡ ತಾಟಿನಲ್ಲೇ ಹೆಂಡತಿ ಉಣ್ಣುವುದು ರೂಢಿ. ತಾಟು ತೊಳೆಯುವ ಹಾಗಿಲ್ಲ, ಅವನು ಬಿಟ್ಟದ್ದನ್ನು ಚೆಲ್ಲುವ ಹಾಗಿಲ್ಲ, ನಾಯಿಗೆ ಹಾಕುವ ಹಾಗೂ ಇಲ್ಲ. ಅದರ ಮೇಲೆ ತನಗೆ ಬೇಕಾದಷ್ಟು ನೀಡಿಕೊಂಡು ಅವಳು ಉಣ್ಣಬೇಕು. ನಾನೋ ಬೆರಳಿನಿಂದ ಬಳಿದು ಬಳಿದು ಉಣ್ಣುವವನು. ಅವಳು ತಾಟು ಎತ್ತಿ ಹಿಡಿದು ತನ್ನ ಮುಖ ಅದರಲ್ಲಿ ನೋಡಿಕೊಳ್ಳುವವಳಂತೆ ನಟಿಸುತ್ತಿದ್ದಳು.

“ಇಷ್ಟು ದೊಡ್ಡ ತಾಟಿನ್ಯಾಗ ನನ್ನ ಪಾಲಿಗೆ ಬರೇ ತಾಟ ಉಳೀತು ನೋಡ್ರಿ!”

ಅದಕ್ಕೇ ನಾನು ರೊಟ್ಟಿಯ ಒಂದು ಚೂರನ್ನು ಬೇಕೆಂತಲೇ ಅಂಚಿಗೆ ಸರಿಸಿ ಬಿಡುತ್ತಿದ್ದೆ. ಹೆಬ್ಬೆರಳಿನಷ್ಟು ಚೂರು. ಅವಳು ಮೊದಲು ಅದನ್ನು ಬಾಯಿಗೆ ಹಾಕಿಕೊಂಡು, ಆಮೇಲೆ ತನ್ನ ಊಟ ಶುರು ಮಾಡುತ್ತಿದ್ದಳು. ನಾವು ಎಂದೂ ಒಬ್ಬರಿಗೊಬ್ಬರು ಪ್ರೀತಿಯ ಮಾತು ಆಡಿದವರಲ್ಲ. ಆ ಚೂರೇ ಎಲ್ಲ ಆಗಿತ್ತು.

ಒಂದು ಬೇಸಿಗೆಯ ಬೆಳಿಗ್ಗೆ, ಮಗಳು ಎರಡನೆಯ ಇಯತ್ತೆ ಪಾಸಾದ ವರ್ಷ, ಅಂಗಳದಲ್ಲಿ ಮುಖ ತೊಳೆಯುತ್ತಿದ್ದವನು ಕಪ್ಪಗೆ ವಾಂತಿ ಮಾಡಿಕೊಂಡೆ. ಕಾಫಿ ಗಸಿಯ ಹಾಗಿತ್ತು, ಅದರ ಹಿಂದೆಯೇ ಕೆಂಪು ರಕ್ತ. ಹೆಡ್‌ಮಾಸ್ತರರು ಜೀಪೊಂದನ್ನು ಹಿಡಿದು ರಾಯಚೂರಿನ ದವಾಖಾನೆಗೆ ಸಾಗಿಸಿದರು. ಅಲ್ಲಿಯ ಡಾಕ್ಟರು ನನ್ನನ್ನು ಕೊಯ್ದು ಹೊಲಿದರು. ಎಚ್ಚರವಾದಾಗ ಎದೆಗುಂಡಿಯಿಂದ ಹೊಕ್ಕುಳವರೆಗೆ ಪಟ್ಟಿ, ಮೂಗಿನಲ್ಲಿ ನಳಿಗೆ. ಕಾಲ ಹತ್ತಿರ ಹೆಂಡತಿ ನಿಂತಿದ್ದಳು.

ನಾಲ್ಕೈದು ದಿನ ಬಿಟ್ಟು ಡಾಕ್ಟರು ಮಂಚದ ಮೇಲೆ ಕೂತು ಮುಷ್ಟಿ ಕಟ್ಟಿ ತೋರಿಸಿದರು.

“ಮಾಸ್ತರ, ಮೂರು ಪಾಲಿನ್ಯಾಗ ಎರಡು ಪಾಲು ಹೊಟ್ಟಿ ತೆಗದೀವಿ. ಇನ್ನ ನಿಮ್ಮ ಹೊಟ್ಟಿ ಅಂದ್ರ ಇಷ್ಟ. ದಿನಕ್ಕ ಆರು ಸಲ ಉಣ್ರಿ, ಸ್ವಲ್ಪ ಸ್ವಲ್ಪ. ಉಣ್ಣುವಾಗ ನೀರು ಕುಡಿಬ್ಯಾಡ್ರಿ. ಸಿಹಿ ಬ್ಯಾಡ. ಮುಖ್ಯ ಮಾತು ಒಂದ: ಹೊಟ್ಟಿ ಮಾಡೋ ಕೆಲಸ ಇನ್ನ ಬಾಯಿ ಮಾಡಬೇಕು. ತುತ್ತು ಬಾಯಾಗ ನೀರಾಗಬೇಕು. ನಲವತ್ತು ಸಲ ಅಗೀರಿ. ನೀರಾಗೋತನಕ ನುಂಗಬ್ಯಾಡ್ರಿ, ಬಾಯಿ ತೆಗೀಬ್ಯಾಡ್ರಿ, ಮಾತಾಡಬ್ಯಾಡ್ರಿ.”

ಹೆಂಡತಿ ಸೆರಗನ್ನು ಬಾಯಿಗೆ ಹಿಡಿದು ಕೇಳಿದಳು: “ಮತ್ತ ಉಳದದ್ದು ಏನು ಮಾಡಬೇಕ್ರಿ ಸಾಹೇಬ್ರ?”

ಕೊಯ್ದು ತೆಗೆದ ಹೊಟ್ಟೆಯನ್ನೇ ಕೇಳುತ್ತಿದ್ದಾಳೆ ಎಂದು ಡಾಕ್ಟರು ತಿಳಿದರು. “ಅದನ್ನ ಅವತ್ತ ಸುಟ್ಟಬಿಟ್ಟೀವವ್ವ,” ಎಂದರು.

ಅವಳು ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. ಅವಳು ಕೇಳಿದ್ದು ತಾಟಿನಲ್ಲಿ ಉಳಿಯುವ ಅನ್ನದ ಬಗ್ಗೆ. ನನಗೆ ನಗು ಬಂತು, ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರೂ ಬಂತು. ಡಾಕ್ಟರು ಹೋದ ಮೇಲೆ ಅವಳೂ ನಕ್ಕಳು. ಅವತ್ತು ನಾವಿಬ್ಬರೂ ಸೇರಿ ನಕ್ಕದ್ದು ನೆನಪಿದೆ.

ಮಾನ್ವಿಗೆ ಬಂದ ಮೇಲೆ ಬೇರೆಯದೇ ಬದುಕು ಶುರುವಾಯಿತು. ಜೀವ ಉಳಿಯಿತೆಂದು ಎಲ್ಲರೂ ಸಂಭ್ರಮಪಟ್ಟರು. ಉಳಿದ ಜೀವವನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಕಿವುಚಿದ ಅನ್ನ. ನನ್ನ ಲೆಕ್ಕದಲ್ಲಿ ಅನ್ನ ಎಂದರೆ ರೊಟ್ಟಿಯ ಮೇಲೆ ಬಾಯಿ ಆಡಿಸಲು ಉಣ್ಣುವಂಥದ್ದು, ಊಟವಲ್ಲ. ತುತ್ತನ್ನು ಬಾಯಲ್ಲಿಟ್ಟುಕೊಂಡು ಮನಸ್ಸಿನಲ್ಲೇ ಡ್ರಿಲ್ಲಿನ ಎಣಿಕೆ ಎಣಿಸುತ್ತಿದ್ದೆ, ಏಕ್-ದೋ, ಏಕ್-ದೋ, ನಲವತ್ತರವರೆಗೆ. ಅಷ್ಟರಲ್ಲಿ ರುಚಿ ಸತ್ತು ಹೋಗಿರುತ್ತಿತ್ತು. ಹತ್ತು ತುತ್ತಿಗೆ ಹೊಟ್ಟೆ ಕಲ್ಲಾಗುತ್ತಿತ್ತು. ಹಸಿವು ಮಾತ್ರ ಹಳೆಯ ಮೈಯದೇ ಉಳಿದುಕೊಂಡಿತ್ತು. ಹೊಟ್ಟೆ ತುಂಬಿದ ಮೇಲೂ ಬಾಯಿ, ಕೈ, ಕಣ್ಣು ಹಸಿದೇ ಇರುತ್ತಿದ್ದವು. ಇದನ್ನು ಅನುಭವಿಸದವರಿಗೆ ಹೇಗೆ ಹೇಳಲಿ?

ಒಮ್ಮೆ ದೇವದುರ್ಗಕ್ಕೆ ಅಕ್ಕನ ಮನೆಗೆ ಹೋದೆವು. ಅವಳು ಹೋಳಿಗೆ ಮಾಡಿದ್ದಳು. ಡಾಕ್ಟರು ಬೇಡ ಎಂದಿದ್ದರು, ಹೆಂಡತಿ ಕಣ್ಣಿನಲ್ಲೇ ಬೇಡ ಎಂದಳು, ನಾನು ಒಂದೂವರೆ ಹೋಳಿಗೆ ತಿಂದೆ. ಕಾಲು ತಾಸಿನೊಳಗೆ ಮೈಯೆಲ್ಲ ಬೆವರು, ಎದೆ ಡವಡವ, ಪಡಸಾಲೆ ಗರಗರ ತಿರುಗಿತು. ಚೆಂಬು ಹಿಡಿದು ಬಯಲಿಗೆ ಓಡುವಷ್ಟೂ ಪುರುಸೊತ್ತಾಗಲಿಲ್ಲ. ನಲವತ್ತು ವರ್ಷದ ಗಂಡಸು ಅಕ್ಕನ ಹಿತ್ತಲಲ್ಲಿ ಬಟ್ಟೆ ಹೊಲಸು ಮಾಡಿಕೊಂಡು ಗೋಡೆಗೆ ಒರಗಿ ಅತ್ತೆ. ಹೆಂಡತಿ ನೀರು ಹಾಕಿ ತೊಳೆದಳು. ಅಕ್ಕ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಬೆಟ್ಟದಂಥ ತಮ್ಮ ಇದ್ದ. ಇವನ ಮೈಯಾಗಿಂದೆಲ್ಲ ಎಲ್ಲಿ ಹೋತವ್ವಾ?”

ಅದು ಎಲ್ಲಿ ಹೋಯಿತೋ ನನಗೂ ಗೊತ್ತಿರಲಿಲ್ಲ. ತಿಂಗಳಿಗೆ ಮೂರ್ನಾಲ್ಕು ಕಿಲೋದಂತೆ ಹೋಗುತ್ತಲೇ ಇತ್ತು. ಬೆಲ್ಟಿಗೆ ಮೋಚಿಯ ಹತ್ತಿರ ಒಂದು ತೂತು ಹಾಕಿಸಿದೆ, ಆಮೇಲೆ ಇನ್ನೊಂದು, ಆಮೇಲೆ ಅವನೇ “ಹೊಸಾದು ತಗೊಂಡಬಿಡ್ರಿ ಮಾಸ್ತರ” ಎಂದ. ಮದುವೆಯ ಉಂಗುರ ಕೈ ತೊಳೆಯುವಾಗ ಬಚ್ಚಲಿಗೆ ಬಿದ್ದು ಹೋಗುತ್ತಿತ್ತು. ದೇವದುರ್ಗದ ಬಸ್‌ಸ್ಟ್ಯಾಂಡಿನ ಹೋಟೆಲಿನವನು ಒಂದು ದಿನ ನನಗೆ ಬೇರೆ ಗ್ಲಾಸಿನಲ್ಲಿ ಚಹಾ ಕೊಟ್ಟ. ಅಂಚು ಒಡೆದ ಗ್ಲಾಸು. ಕುಡಿದ ಮೇಲೆ ಅದನ್ನು ನಾನೇ ತೊಳೆದು ಗೂಡಿನಲ್ಲಿ ಇಡಬೇಕಂತೆ. ಕ್ಷಯ ಎಂದುಕೊಂಡಿದ್ದ. ಅಂಗಿ ಎತ್ತಿ ಹೊಲಿಗೆ ತೋರಿಸಿ, ಹೋಟೆಲೆಲ್ಲ ಕೇಳುವಂತೆ ಕೂಗಾಡಿದೆ. ಕೂಗಾಡಿ ಸುಸ್ತಾಗಿ ಅಲ್ಲೇ ಬೆಂಚಿನ ಮೇಲೆ ಕೂತೆ. ಅವನೇ ನೀರು ತಂದುಕೊಟ್ಟ, ಅದೇ ಗ್ಲಾಸಿನಲ್ಲಿ.

ಶಾಲೆಯಲ್ಲಿ ಆನೆ ಮಾಸ್ತರ ಹೋಗಿ ಸೀಟಿ ಮಾಸ್ತರನಾದೆ. ಸೀಟಿ ಒಂದೇ ಉಳಿದಿದೆ ಎಂದು ಹುಡುಗರ ಅರ್ಥ. ಮರುವರ್ಷದ ಆಗಸ್ಟ್ ಹದಿನೈದಕ್ಕೆ ಪರೇಡ್ ಕಮಾಂಡನ್ನು ಹಿಂದಿ ಮಾಸ್ತರರಿಗೆ ಕೊಟ್ಟು, ನನ್ನನ್ನು ಪೆಪ್ಪರಮೆಂಟು ಹಂಚಲು ನಿಲ್ಲಿಸಿದರು. ಹೆಡ್‌ಮಾಸ್ತರರು ಇದನ್ನು ನನ್ನ ಮೇಲಿನ ಕಾಳಜಿಯಿಂದಲೇ ಮಾಡಿದರು. ಅದಕ್ಕೇ ನನಗೆ ಇನ್ನೂ ಉರಿಯಿತು.

ಇನ್ನು ತಾಟಿನ ವಿಷಯಕ್ಕೆ ಬರುತ್ತೇನೆ.

ಹೆಂಡತಿ ದಿನಕ್ಕೆ ಆರು ಸಲ ನನಗೆ ಉಣ್ಣಲು ಇಡುತ್ತಿದ್ದಳು. ಕಡಿಮೆ ಬಡಿಸಲು ಅವಳ ಕೈ ಬರುತ್ತಿರಲಿಲ್ಲ. ಇವತ್ತು ಎರಡು ತುತ್ತು ಹೆಚ್ಚು ಉಂಡಾರು ಎಂಬ ಆಸೆಯಿಂದ ಪ್ರತಿ ಸಲ ಒಂದು ಚಮಚ ಜಾಸ್ತಿಯೇ ಹಾಕುತ್ತಿದ್ದಳು. ನಾನು ಅರ್ಧಕ್ಕರ್ಧ ಬಿಟ್ಟು ಏಳುತ್ತಿದ್ದೆ. ಹಿಂದೆ ಹೆಬ್ಬೆರಳಿನಷ್ಟು ಚೂರು ಉಳಿಯುತ್ತಿದ್ದ ತಾಟಿನಲ್ಲಿ ಈಗ ಒಬ್ಬರ ಊಟ ಉಳಿಯುತ್ತಿತ್ತು. ಅದನ್ನು ಚೆಲ್ಲುವ ಹಾಗಿಲ್ಲವಲ್ಲ, ಅವಳು ಕೂತು ಉಣ್ಣುತ್ತಿದ್ದಳು. ಹಸಿವಿರಲಿ ಬಿಡಲಿ, ದಿನಕ್ಕೆ ಆರು ಸಲ. ನನಗಾಗಿ ಹಾಲು, ತುಪ್ಪ, ಮೊಟ್ಟೆ ಎಂದು ಒಳ್ಳೆಯದನ್ನೇ ಮಾಡುತ್ತಿದ್ದಳಲ್ಲ, ಅದೆಲ್ಲ ಅವಳ ಮೈಗೆ ಹತ್ತತೊಡಗಿತು. ಒಂದೂವರೆ ವರ್ಷದಲ್ಲಿ ನನ್ನ ಸಣ್ಣ ಹೆಂಡತಿ ದಪ್ಪ ಹೆಂಗಸಾದಳು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು.

ಒಂದು ಭಾನುವಾರ ಅವಳು ಹೊಸ್ತಿಲ ಹತ್ತಿರ ಹೊಲಿಗೆ ಹಾಕುತ್ತ ಕೂತಿದ್ದಳು. ಒಂದು ಮೊಣಕಾಲ ಮೇಲೆ ನನ್ನ ಖಾಕಿ ಪ್ಯಾಂಟು. ಅದರ ಸೊಂಟ ಹಿಡಿದು ಹೊಲಿಯುತ್ತಿದ್ದಳು. ಇನ್ನೊಂದು ಮೊಣಕಾಲ ಮೇಲೆ ತನ್ನ ಕುಪ್ಪಸ. ಅದರ ಬಗಲ ಹೊಲಿಗೆ ಬಿಚ್ಚಿ ಅಗಲ ಮಾಡಬೇಕಿತ್ತು. ಒಂದೇ ಸೂಜಿ, ಒಂದೇ ದಾರ. ನಾನು ಖುರ್ಚಿಯಲ್ಲಿ ಕೂತು ಎರಡನ್ನೂ ನೋಡಿದೆ. ಒಳಗೆ ಏನೋ ಒಂದು ಕೆಟ್ಟದ್ದು ಹುಟ್ಟಿತು. ಅದಕ್ಕೆ ಅಸೂಯೆ ಎಂದು ಈಗ ಹೇಳಬಲ್ಲೆ. ಆಗ ಹೇಳಿಕೊಳ್ಳಲಿಲ್ಲ.

ಓಣಿಯ ನಳದ ಹತ್ತಿರ ಹೆಂಗಸರು ಆಡಿಕೊಳ್ಳುತ್ತಿದ್ದದ್ದನ್ನು ಅವಳೇ ಬಂದು ನನಗೆ ಹೇಳಿದಳು, ಕೊಡ ಇಳಿಸುತ್ತ, ನಗುತ್ತ:

“ಕೇಳ್ರಿಲ್ಲೆ. ನಾ ನಿಮ್ಮನ್ನ ಉಣ್ಣಾಕತ್ತೀನಂತ್ರಿ! ಗಂಡನ್ನ ಉಂಡು ಗುಂಡಗ ಆಗ್ಯಾಳ ಅಂತಾರ.”

ನಾನೂ ನಕ್ಕೆ. ನಗಬೇಕಾಗಿತ್ತು, ನಕ್ಕೆ. ಆದರೆ ಆ ಮಾತು ನನ್ನೊಳಗೆ ಹೊಕ್ಕು ಕೂತಿತು.

ಅದಾಗಿ ಕೆಲವೇ ವಾರಕ್ಕೆ ರಾಯಚೂರಿನಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ತೊಟ್ಟಿಲ ಕಾರ್ಯ. ಮೂವರೂ ಹೋದೆವು. ಊಟಕ್ಕೆ ಗಂಡಸರ ಪಂಕ್ತಿ ಒಂದು ಕಡೆ, ಹೆಂಗಸರದು ಎದುರಿಗೆ. ನನ್ನ ಎಲೆಯಲ್ಲಿ ಅರ್ಧ ಸೌಟು ಅನ್ನ. ನಾನು ಕಣ್ಣು ಕೆಳಗೆ ಹಾಕಿ ಅಗಿಯುತ್ತಿದ್ದೆ, ಏಕ್-ದೋ, ಏಕ್-ದೋ. ಪಕ್ಕದಲ್ಲಿದ್ದ ಹಳೆಯ ಪರಿಚಯದವನೊಬ್ಬ, ಬಾಯಿ ದೊಡ್ಡದು, ಮನಸ್ಸು ಕೆಟ್ಟದ್ದೇನಲ್ಲ, ಎದುರಿನ ಸಾಲಿನಲ್ಲಿದ್ದ ನನ್ನ ಹೆಂಡತಿಯನ್ನು ನೋಡಿ ಎಲ್ಲರಿಗೂ ಕೇಳುವಂತೆ ಅಂದ:

“ನೋಡ್ರೆಪಾ, ಮಾಸ್ತರ ಅರ್ಧ, ಮಾಸ್ತರನ ಹೆಂಡ್ತಿ ದೀಡ. ಕೂಡಿಸಿದ್ರ ಬರೋಬರಿ ಎರಡ! ಮನಿ ಲೆಕ್ಕ ಏನೂ ತಪ್ಪಿಲ್ಲ.”

ಎರಡೂ ಪಂಕ್ತಿ ನಕ್ಕವು. ಹೆಂಡತಿ ಸೆರಗು ಮುಂದೆ ಎಳೆದುಕೊಂಡಳು. ಬಾಯಲ್ಲಿ ತುತ್ತಿದ್ದದ್ದರಿಂದ ನನಗೆ ಏನೂ ಹೇಳಲಾಗಲಿಲ್ಲ.

ಊಟ ಮುಗಿಸಿ ಮಾನ್ವಿಯ ಬಸ್ಸು ಹತ್ತಿದೆವು. ಇಬ್ಬರ ಸೀಟಿನಲ್ಲಿ ಮಗಳು ಅವಳ ತೊಡೆಯ ಮೇಲೆ, ನಾನು ಕಿಟಕಿಯ ಕಡೆ ಒತ್ತಿಕೊಂಡು ಕೂತಿದ್ದೆ. ಬಸ್ಸು ಕುಲುಕಿದಾಗಲೆಲ್ಲ ಅವಳ ಮೈ ನನ್ನ ಎಲುಬಿಗೆ ತಾಕುತ್ತಿತ್ತು. ಎಂಟು-ಹತ್ತು ವರ್ಷ ಅದೇ ಸೀಟಿನಲ್ಲಿ ಅವಳನ್ನು ಅಂಚಿಗೆ ಒತ್ತರಿಸಿ ಕೂತವನು ನಾನೇ ಎಂಬುದು ಆಗ ನೆನಪಾಗಲಿಲ್ಲ.

ಮನೆಗೆ ಬಂದಾಗ ನಾಲ್ಕು ಗಂಟೆ. ನನ್ನ ನಾಲ್ಕನೆಯ ಊಟದ ಹೊತ್ತು. ಅವಳು ಹೊಸ ಸೀರೆಯನ್ನೂ ಬದಲಿಸದೆ ಅನ್ನ ಬಿಸಿ ಮಾಡಿ, ಹಾಲು ಹಾಕಿ ಕಿವುಚಿ ತಾಟು ಇಟ್ಟಳು. ಎಂದಿನಂತೆ ಜಾಸ್ತಿ. ನಾಲ್ಕು ತುತ್ತು ಉಂಡು ಕೈ ಎತ್ತಿದೆ. ಅವಳು ಎಂದಿನಂತೆ ಎದುರಿಗೆ ಕೂತು ತಾಟು ತನ್ನ ಕಡೆ ಎಳೆದುಕೊಂಡಳು. ತಾಟು ನೆಲದ ಮೇಲೆ ಸರಿದ ಸಪ್ಪಳ ಕೇಳಿಸಿತು, ನನ್ನ ತಲೆ ಕೆಟ್ಟಿತು.

“ಇನ್ನಾ ಎಷ್ಟು ಉಣ್ಣತಿ ನನ್ನ?” ಎಂದೆ.

‘ನಂದು’ ಎನ್ನಲಿಕ್ಕೆ ಹೋಗಿ ‘ನನ್ನ’ ಎಂದುಬಿಟ್ಟೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಂದು ಎಷ್ಟು ಉಣ್ಣತಿ ಎಂದಿದ್ದರೆ ಅದು ಬರೇ ಜಿಪುಣನ ಮಾತಾಗುತ್ತಿತ್ತು. ಆದರೆ ನನ್ನ ನಾಲಿಗೆಯನ್ನು ನಾನು ಬಲ್ಲೆ. ಅದು ಹೊರಳಲಿಲ್ಲ, ಬೇಕಾದಲ್ಲಿಗೇ ಹೋಗಿ ತಗುಲಿತು.

ಅವಳ ಕೈ ಅನ್ನದ ಮೇಲೆ ಹಾಗೇ ನಿಂತಿತು. ನಳದ ಹೆಂಗಸರು ಅಂದಾಗ ನಕ್ಕಿದ್ದಳು, ಪಂಕ್ತಿಯಲ್ಲಿ ಅಂದಾಗ ಸೆರಗು ಎಳೆದುಕೊಂಡಿದ್ದಳು. ಈಗ ಅಳಲೂ ಇಲ್ಲ. ಕೈ ಹಿಂದಕ್ಕೆ ತೆಗೆದು, ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ, ಎದ್ದು ಒಳಗೆ ಹೋದಳು. ಮಗಳು ಕಂಬದ ಹತ್ತಿರ ನಿಂತು ನೋಡುತ್ತಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಕಾಲುವೆಯ ಕಡೆ ಹೋಗಿಬಿಟ್ಟೆ. ಬಂದು ಏನಾದರೂ ಹೇಳಬೇಕು ಎಂದುಕೊಂಡೇ ಹೋದೆ. ಬಂದವನು ಏನೂ ಹೇಳಲಿಲ್ಲ.

ಮರುದಿನದಿಂದ ಅವಳು ನನ್ನ ತಾಟಿನಲ್ಲಿ ಉಣ್ಣಲಿಲ್ಲ. ಅಷ್ಟೇ ಅಲ್ಲ, ನನಗೆ ಬಡಿಸುವುದೂ ಬದಲಾಯಿತು. ಒಂದು ಸಣ್ಣ ಬಟ್ಟಲನ್ನು ಅಳತೆ ಇಟ್ಟುಕೊಂಡಳು. ನಾನು ಎಷ್ಟು ಉಣ್ಣಬಲ್ಲೆನೋ ಸರಿಯಾಗಿ ಅಷ್ಟೇ, ಒಂದು ಅಗುಳು ಹೆಚ್ಚಿಲ್ಲ. ತಾಟು ಪ್ರತಿ ಸಲ ಬರಿದಾಗುತ್ತಿತ್ತು. ಡಾಕ್ಟರರ ಅಂದಾಜೂ ಅಷ್ಟು ಕರಾರುವಾಕ್ಕಾಗಿರಲಿಲ್ಲ. ನಾನು ಅದನ್ನು ಅವಳ ಸೇಡು ಎಂದುಕೊಂಡೆ. ನಿಂದು ನೀನೇ ಉಣ್ಣು ಎಂದು ಅಳೆದು ಬಡಿಸುತ್ತಿದ್ದಾಳೆ ಎಂದುಕೊಂಡೆ.

ನಾಲ್ಕಾರು ದಿನದ ಮೇಲೆ ನಾನೇ ಒಂದು ಉಪಾಯ ಮಾಡಿದೆ. ಆಗ ಮೆತ್ತನೆಯ ರೊಟ್ಟಿ ಅರ್ಧ ಉಣ್ಣುವಷ್ಟಾಗಿದ್ದೆ. ಹಸಿವಿದ್ದರೂ ಹೆಬ್ಬೆರಳಿನಷ್ಟು ಚೂರನ್ನು ಹಳೆಯ ಹಾಗೆ ಅಂಚಿಗೆ ಸರಿಸಿ ಬಿಟ್ಟೆ. ನನ್ನ ಭಾಷೆಯಲ್ಲಿ ಅದು ತಪ್ಪಾಯಿತು ಎನ್ನುವ ಮಾತು. ಅವಳು ತಾಟು ನೋಡಿದಳು, ಚೂರು ನೋಡಿದಳು. ತಾಟು ಮುಚ್ಚಿಟ್ಟಳು. ಮುಂದಿನ ಊಟದ ಹೊತ್ತಿಗೆ ಅದೇ ತಾಟು ಬಂತು, ಅಂಚಿನಲ್ಲಿ ಅದೇ ಒಣಗಿದ ಚೂರು.

“ಇದೇನು?” ಎಂದೆ.

“ನಿಮ್ಮದ ಅದ. ನೀವ ಉಣ್ರಿ,” ಎಂದಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

ನಲವತ್ತು ಸಲ ಅಗಿದು ನುಂಗಿದೆ.

ಅವಳು ಎಲ್ಲಿ, ಯಾವಾಗ, ಏನು ಉಣ್ಣುತ್ತಿದ್ದಳು ಎಂದು ನನಗೆ ಕಾಣಿಸುತ್ತಲೇ ಇರಲಿಲ್ಲ. ಮಗಳು ಒಂದು ದಿನ ಹೇಳಿದಳು, ಅವ್ವ ಅಡಿಗೆಮನೆಯಲ್ಲಿ ನಿಂತುಕೊಂಡೇ ಬೋಗುಣಿಯಲ್ಲಿ ಎರಡು ತುತ್ತು ಉಣ್ಣುತ್ತಾಳೆ ಎಂದು. ಆಮೇಲೆ, ಮಕ್ಕಳು ಕೇಳುವಂತೆ, ಸುಮ್ಮನೆ ಕೇಳಿದಳು:

“ಅಪ್ಪಾ, ಗಂಡನ ತಾಟಿನ್ಯಾಗಿಂದು ಚೆಲ್ಲಿದ್ರ ಅವನ ಆಯಸ್ಸು ಕಮ್ಮಿ ಆಗ್ತದಂತ, ಹೌದನು? ಅಜ್ಜಿ ಹೇಳಿದ್ದಳಂತ ಅವ್ವಗ. ಅದಕ್ಕ ಅವ್ವ ಹೊಟ್ಟಿ ನೋವಾದ್ರೂ ಎಲ್ಲಾ ಉಣ್ಣತಿದ್ದಳಂತ. ಈಗ ಏನೂ ಉಳೀಬಾರದು ಅಂತ ಬಟ್ಟಲದಾಗ ಅಳದು ಹಾಕ್ತಾಳ.”

ಅಜ್ಜಿ ಎಂದರೆ ನನ್ನ ತಾಯಿ. ಮದುವೆಯಾದ ಹೊಸದರಲ್ಲಿ ಸೊಸೆಗೆ ಈ ಮಾತು ಹೇಳಿಟ್ಟು, ಮರುವರ್ಷವೇ ತೀರಿಹೋಗಿದ್ದಳು. ನಾನು ಮಗಳ ಮುಂದೆ ಏನೂ ತೋರಿಸದೆ ಎದ್ದು ಅಂಗಳಕ್ಕೆ ಬಂದೆ. ಆರು ಸಲ, ಹಸಿವಿಲ್ಲದೆ, ಉಬ್ಬಸಪಟ್ಟು, ಊರಿನಿಂದ ಅನ್ನಿಸಿಕೊಂಡು ಅವಳು ಉಂಡದ್ದು ನನ್ನ ಆಯುಷ್ಯ ನೆಲಕ್ಕೆ ಬೀಳಬಾರದೆಂದು. ಅಳತೆಯ ಬಟ್ಟಲೂ ಅದಕ್ಕೇ. ನಾನು ಸೇಡು ಎಂದುಕೊಂಡದ್ದು ಅದನ್ನು. ನನಗೆ ನನ್ನ ಮೇಲೆಯೇ ಹೇಸಿಗೆ ಬಂತು.

ಆಗಲಾದರೂ ಒಳಗೆ ಹೋಗಿ ಹೇಳಬಹುದಿತ್ತು. ತಪ್ಪಾತು, ನೀನು ನನ್ನ ಉಂಡಿಲ್ಲ, ನನ್ನ ಕಾಯ್ದಿ ಎಂದು. ಐದಾರು ಶಬ್ದ. ಮೈದಾನದಲ್ಲಿ ಮುನ್ನೂರು ಹುಡುಗರಿಗೆ ಕೇಳುವಂತೆ ಕೂಗುತ್ತಿದ್ದವನಿಗೆ ಒಬ್ಬ ಹೆಂಗಸಿನ ಮುಂದೆ ಐದಾರು ಶಬ್ದ ಬರಲಿಲ್ಲ. ನಾಳೆ ಎಂದುಕೊಂಡೆ. ನಾಳೆಗಳಿಗೆ ಬರವಿರಲಿಲ್ಲ, ಆರು-ಏಳು ವರ್ಷ ಹಾಗೇ ಹೋದವು. ಮನೆ ನಡೆಯಿತು, ಮಗಳು ದೊಡ್ಡವಳಾದಳು, ನನ್ನ ತೂಕ ಒಂದು ಕಡೆ ಬಂದು ನಿಂತಿತು, ನಾನು ಮತ್ತೆ ಪರೇಡ್ ಮಾಡಿಸುವಷ್ಟಾದೆ. ಅವಳು ಮತ್ತೆ ಹಳೆಯ ಸಣ್ಣ ಮೈಯವಳಾದಳು, ಅದಕ್ಕಿಂತಲೂ ಸಣ್ಣಗಾದಳು. ಓಣಿಯವರು ಈಗ ಜೋಡಿ ಚೆನ್ನಾಗಿ ಕಾಣುತ್ತದೆ ಎಂದರು. ಮಾತು-ಕತೆ ಎಲ್ಲ ಇತ್ತು. ತಾಟು ಹಿಡಿದು ಮುಖ ನೋಡಿಕೊಳ್ಳುವ ಆ ನಗು ಒಂದೇ ಇರಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಮಳೆಗಾಲ ಅವಳ ಕಣ್ಣು ಹಳದಿಯಾದವು. ಕಾಮಣಿ ಎಂದರು. ಮೊದಲು ಹಳ್ಳಿಯಲ್ಲಿ ಬೇರಿನ ಔಷಧಿ ಕುಡಿಸಿದೆವು, ಪಥ್ಯ ಮಾಡಿಸಿದೆವು. ಇಳಿಯಲಿಲ್ಲ. ರಾಯಚೂರಿಗೆ ಕರೆದುಕೊಂಡು ಹೋದೆ, ನನ್ನನ್ನು ಕೊಯ್ದ ಅದೇ ದವಾಖಾನೆಗೆ. ಆ ಡಾಕ್ಟರು ಇರಲಿಲ್ಲ. ಇದ್ದವರು ಪರೀಕ್ಷೆ ಮಾಡಿ, ತಡವಾಗಿದೆ ನೋಡೋಣ ಎಂದರು.

ಅವಳಿಗೆ ಅನ್ನ ಕಂಡರೆ ಓಕರಿಕೆ. ನಾನು ಹತ್ತಿರದ ಖೋಲಿಯೊಂದರಲ್ಲಿ ಸ್ಟೋವ್ ಹಚ್ಚಿ ಮೆತ್ತಗೆ ಅನ್ನ ಮಾಡಿ, ಮಜ್ಜಿಗೆಯಲ್ಲಿ ಕಿವುಚಿ, ಮನೆಯಿಂದ ತಂದಿದ್ದ ನಮ್ಮ ಅದೇ ಅಗಲ ತಾಟಿನಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಕಿವುಚುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಲ್ಕನೆಯ ದಿನ ಮಧ್ಯಾಹ್ನ ಅವಳು ಮೂರು ಚಮಚ ಉಂಡು ತಲೆ ಅಲ್ಲಾಡಿಸಿದಳು.

“ಸಾಕ್ರಿ. ಒಲ್ಲೆ.”

ಸುತ್ತ ಹತ್ತು ಮಂಚ, ಮಂಚಕ್ಕೆ ಇಬ್ಬರಂತೆ ಅವರವರ ಮಂದಿ. ನಾನು ಅವಳ ಮಂಚದ ಪಕ್ಕ ನೆಲದ ಮೇಲೆ ಕೂತೆ. ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳು ಬಿಟ್ಟ ಅನ್ನಕ್ಕೆ ಕೈ ಹಾಕಿದೆ. ಪಕ್ಕದ ಮಂಚದ ಮುದುಕಿ ಮಾತು ನಿಲ್ಲಿಸಿ ನೋಡಿದಳು. ಹೆಂಡತಿಯ ಎಂಜಲು ಗಂಡ ಉಣ್ಣುವುದನ್ನು ಅವಳು ಕಂಡಿರಲಿಕ್ಕಿಲ್ಲ. ನಾನೂ ಕಂಡಿರಲಿಲ್ಲ.

“ಬ್ಯಾಡ್ರಿ. ಎಂಜಲದು, ನಂದು. ಮಂದಿ ನೋಡಾಕತ್ತಾರ,” ಎಂದಳು ಅವಳು. ಕೈ ಚಾಚಿ ತಾಟು ಹಿಡಿಯಲು ನೋಡಿದಳು, ಆಗಲಿಲ್ಲ.

ಒಂದು ದೊಡ್ಡ ತುತ್ತು ಕಟ್ಟಿ ಬಾಯಿಗೆ ಹಾಕಿಕೊಂಡೆ. ಅಗಿಯತೊಡಗಿದೆ. ಅವಳು ಹಳದಿ ಕಣ್ಣಿನಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ತುಟಿಯ ಅಂಚಿನಲ್ಲಿ ಹಳೆಯ ನಗುವಿನದು ಒಂದು ಸ್ವಲ್ಪ ಕಂಡಂತಾಯಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು:

“ನಾ ನಿಮ್ಮನ್ನ ಉಂಡಿದ್ನೇನ್ರಿ?”

ಅಷ್ಟು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದಳು. ನಾನು ಇಟ್ಟುಕೊಂಡಿದ್ದ ಉತ್ತರವೂ ಬಾಯಿಗೆ ಬಂತು. ಬಾಯಲ್ಲಿ ತುತ್ತಿತ್ತು. ಹದಿನೈದೋ ಹದಿನಾರೋ ಎಣಿಕೆಯಾಗಿತ್ತು. ನೀರಾಗಿರಲಿಲ್ಲ. ಮೈದಾನದಲ್ಲಿ ಹುಡುಗರನ್ನು ನಿಲ್ಲಿಸುವ ಹಾಗೆ ನಾನು ಅಂಗೈ ಎತ್ತಿ ಅವಳಿಗೆ ತೋರಿಸಿದೆ. ತಡಿ, ಹೇಳತೀನಿ ಎಂದು.

ಅವಳು ಆ ಕೈಯನ್ನು ನೋಡಿದಳು. ಏನೆಂದು ತಿಳಿದುಕೊಂಡಳೋ ಗೊತ್ತಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಣ್ಣು ಮುಚ್ಚಿದಳು. ನಾನು ಅಗಿದು ಮುಗಿಸಿ, ನುಂಗಿ, “ಏ, ಇಲ್ಲಿ ನೋಡು” ಎನ್ನುವ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತ್ತು. ನಿದ್ದೆಗೆಡಿಸುವುದು ಬೇಡ, ಎದ್ದ ಮೇಲೆ ಹೇಳಿದರಾಯಿತು ಎಂದು ತಾಟಿನಲ್ಲಿ ಉಳಿದದ್ದನ್ನೆಲ್ಲ ಒಂದು ಅಗುಳೂ ಚೆಲ್ಲದೆ ಉಂಡೆ.

ಸಂಜೆ ಎಚ್ಚರವಾದಾಗ ಅವಳು ಏನೇನೋ ಬಡಬಡಿಸುತ್ತಿದ್ದಳು, ಗಿಲ್ಲೆಸುಗೂರಿನ ಬಾವಿ, ಎಮ್ಮೆ ಎಂದು. ನನ್ನನ್ನು ನೋಡಿ “ಯಾರ್ರಿ ನೀವು?” ಎಂದಳು. ನೀನು ನನ್ನ ಉಂಡಿಲ್ಲ ಎಂದು ಅವಳ ಕಿವಿಯಲ್ಲಿ ಹೇಳಿದೆ, ಮತ್ತೆ ಮತ್ತೆ ಹೇಳಿದೆ, ಮಂದಿಯೆಲ್ಲ ಕೇಳುವಂತೆ ಹೇಳಿದೆ. ಅವಳಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಮೂರನೆಯ ದಿನ ಹೋದಳು.

ಆ ಒಂದು ತುತ್ತನ್ನು ಅಗಿಯದೆ ನುಂಗಿದ್ದರೆ ನನಗೆ ಏನಾಗುತ್ತಿತ್ತು ಎಂದು ಈಗಲೂ ಊಟಕ್ಕೆ ಕೂತಾಗಲೆಲ್ಲ ಯೋಚಿಸುತ್ತೇನೆ. ಏನೂ ಆಗುತ್ತಿರಲಿಲ್ಲ. ಒಂದು ತಾಸು ಹೊಟ್ಟೆ ನೋಯುತ್ತಿತ್ತು.